ಅವರು ನಿಮಗೆ ಏನಾಗಬೇಕು?

ಜನವರಿ 9

ಮನೆಯಲ್ಲಿರುವವರಿಗೆ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹೂಂ’ ಅನ್ನುತ್ತೀರಿ. ಆ ಹೂಂ ಒಪ್ಪಿಗೆಯೋ, ಆಕಳಿಕೆಯೋ, ಪಕ್ಕದಲ್ಲಿ ಯಾರೋ ಏನೋ ಕೇಳಿದ್ದಕ್ಕೆ ಕೊಟ್ಟ ಉತ್ತರವೋ, ನನಗೆ ಇವತ್ತಿಗೂ ತಿಳಿದಿಲ್ಲ. ಈ ಸಲ ಎಲ್ಲವೂ ಬರಹದಲ್ಲಿ ಬೇಕೆಂದು ಆಡಿಟರು ಹೇಳಿದ್ದಾರೆ. ಅದಕ್ಕೇ ಈ ಕಾಗದ.

ಮನೆಗೆ ಗಿರಾಕಿ ಕುದುರಿದ್ದಾರೆ. ಹಲ್ಲಿನ ಡಾಕ್ಟರು. ಅವರ ಹೆಂಡತಿಯೂ ಹಲ್ಲಿನ ಡಾಕ್ಟರೇ. ಮುಂದಿನ ಕೋಣೆಯಲ್ಲಿ ಕ್ಲಿನಿಕ್ ಇಡುತ್ತಾರಂತೆ. ಏಪ್ರಿಲ್ ಮೊದಲ ವಾರ ಬರೆದುಕೊಡಬೇಕು. ಮಾರುವ ವಿಷಯ ಹೋದ ತಿಂಗಳೇ ನಿಮಗೆ ಹೇಳಿದ್ದೆ, ನೀವು ಹೂಂ ಅಂದಿದ್ದಿರಿ.

ಈಗಿನ ತೊಡಕು ತೆರಿಗೆಯದು. ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ನಾವೇ ವಾಸವಿದ್ದ ಮನೆಯನ್ನು ಮಾರಿದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಲಾಭಕ್ಕೆ ತೆರಿಗೆ ಇಲ್ಲ. ನಡುವೆ ಅದನ್ನು ಬಾಡಿಗೆಗೆ ಕೊಟ್ಟಿದ್ದರೆ, ಕೊಟ್ಟಷ್ಟು ವರ್ಷದ ಪಾಲಿಗೆ ತೆರಿಗೆ ಬೀಳುತ್ತದೆ. ಹದಿನಾರು ವರ್ಷದಲ್ಲಿ ನಾನು ಅಲ್ಲಿದ್ದದ್ದು ಒಂಬತ್ತು. ಉಳಿದ ಏಳು ವರ್ಷ ನೀವೊಬ್ಬರೇ ಇದ್ದೀರಿ. ಗಂಡ ಹೆಂಡತಿಯಲ್ಲಿ ಒಬ್ಬರು ಅಲ್ಲಿದ್ದರೂ ಸಾಕು, ಇನ್ನೊಬ್ಬರು ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದರೂ ಅದು ವಾಸದ ಮನೆಯೇ ಎಂದು ಆಡಿಟರು ಧೈರ್ಯ ಹೇಳಿದರು. ಆದರೆ ಹಾಗೆ ಹೇಳಿದ್ದು ನನ್ನ ಬ್ಯಾಂಕಿನ ಕಾಗದಗಳನ್ನು ನೋಡುವ ಮುಂಚೆ.

ನೋಡಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರತಿ ತಿಂಗಳ ಮೊದಲ ದಿನ ಹಣ ಬಂದಿದೆ. ಪ್ರತಿ ಸಲವೂ ಒಕ್ಕಣೆಯ ಜಾಗದಲ್ಲಿ ‘ಬಾಡಿಗೆ’ ಎಂದು ಬರೆದಿದೆ.

“ಇದನ್ನ ಹಾಕ್ತಾ ಇರೋರು ಯಾರು?” ಅಂದರು. ಮನೆಯಲ್ಲಿ ಇರುವವರು ಅಂದೆ.

“ಅವರು ನಿಮಗೆ ಏನಾಗಬೇಕು?”

“ನಮ್ಮ ಮನೆಯವರು.” ಯೋಚಿಸಿ ಹೇಳಿದ್ದಲ್ಲ. ಅಷ್ಟು ವರ್ಷದ ರೂಢಿ, ಬಾಯಿಗೆ ಅದೇ ಬಂತು.

“ಮನೆಯವರು ಮನೆಗೆ ಬಾಡಿಗೆ ಕಟ್ತಾರೇನಮ್ಮ?” ಅಂದರು ಅವರು.

ನಗು ಬರಬೇಕಿತ್ತು. ಬರಲಿಲ್ಲ. ಆ ಹಣ ಏನು ಎಂದು ನೀವು ಒಂದು ಕಾಗದ ಬರೆದುಕೊಡಬೇಕಂತೆ. ಏನೆಂದು ಬರೆಯಬೇಕು ಎಂಬುದನ್ನು ನಾನು ಹೇಳಿಕೊಡುವುದಿಲ್ಲ. ನಿಮಗೆ ಅದು ಏನಾಗಿತ್ತೋ ಅದನ್ನೇ ಬರೆಯಿರಿ.

ಇಲ್ಲಿ ಎಲ್ಲ ಎಂದಿನಂತೆ. ಆಸ್ಪತ್ರೆಯಲ್ಲಿ ನಮ್ಮ ಕಿವಿ ಪರೀಕ್ಷೆಯ ಕೋಣೆಯನ್ನು ಐದನೇ ಮಹಡಿಗೆ ಹಾಕಿದ್ದಾರೆ. ಲಿಫ್ಟ್ ಮೂರನೇ ಮಹಡಿ ದಾಟುವಾಗ ಕುಯ್ಯೋ ಎನ್ನುತ್ತದೆ. ನನ್ನ ಹತ್ತಿರ ಬರುವ ರೋಗಿಗಳಿಗೆ ಮಾತ್ರ ಅದರಿಂದ ಯಾವ ತೊಂದರೆಯೂ ಇಲ್ಲ.

ನಾನು

*

ಜನವರಿ 17

ಕಾಗದ ಬಂತು.

ಹಲ್ಲಿನ ಡಾಕ್ಟರು ಭಾನುವಾರ ಬಂದಿದ್ದರು. ಟೇಪು ಹಿಡಿದು ಮುಂದಿನ ಕೋಣೆ ಅಳೆದರು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ವಾಷರ್ ಹಾಕಿದ್ದೇನೆ. ಹಿಂದಿನ ಬಾಗಿಲು ನೆಲಕ್ಕೆ ಕಚ್ಚುತ್ತಿತ್ತು, ಉಜ್ಜಿದ್ದೇನೆ. ಹಜಾರದ ಸ್ವಿಚ್ ಬೋರ್ಡಿನ ಕೊನೆಯ ಸ್ವಿಚ್ಚು ಯಾವುದಕ್ಕೆ ಎಂದು ಅವರ ಹೆಂಡತಿ ಕೇಳಿದರು. ಯಾವುದಕ್ಕೂ ಅಲ್ಲ ಎಂದೆ.

ನನಗೆ ಬಸ್ ಡಿಪೋ ಹತ್ತಿರ ಒಂದು ರೂಮು ಸಿಗುತ್ತದೆ. ಅದರ ಚಿಂತೆ ಬೇಡ.

ಹಣದ ವಿಷಯ. ಯಾವುದನ್ನು ಬರೆದರೆ ನಿನಗೆ ಅನುಕೂಲವೋ ಹೇಳು. ಅದನ್ನೇ ಬರೆಯುತ್ತೇನೆ. ಆ ಪದ ನನ್ನದಲ್ಲ, ನಿನ್ನದು.

ಲಿಫ್ಟು ಕುಯ್ಯೋ ಎನ್ನುವುದು ಮೇಲೆ ಹೋಗುವಾಗಲೋ ಕೆಳಗೆ ಬರುವಾಗಲೋ ತಿಳಿಸು. ಅಲ್ಲಿಯ ತನಕ ಮೆಟ್ಟಿಲು ಹತ್ತು.

*

ಜನವರಿ 26

ಮನೆಯಲ್ಲಿರುವವರಿಗೆ,

ಹೌದು, ನನ್ನ ಪದವೇ. ಮರೆತಿಲ್ಲ.

ನನಗೆ ಈ ಊರಿನ ಕೆಲಸದ ಆರ್ಡರ್ ಬಂದ ಸಂಜೆ. ಊಟ ಮುಗಿದಿತ್ತು. ನೀವು ನಿಮ್ಮ ತಟ್ಟೆ ತೊಳೆದು, ನೀರು ಬಸಿಯಲು ಓರೆ ಮಾಡಿ ಇಟ್ಟು, ಒಳಗೆ ಹೊರಟಿದ್ದಿರಿ. ಒಂದು ವರ್ಷದಿಂದ ನಡೆದದ್ದು ಅಷ್ಟೇ. ಬರುವುದು, ಉಣ್ಣುವುದು, ತಟ್ಟೆ ತೊಳೆಯುವುದು, ಮಲಗುವುದು. ಹೋಗಲೋ ಬೇಡವೋ ಎಂದು ನಾನು ಕೇಳಿದ್ದಕ್ಕೆ ಹೂಂ ಅಂದಿರಿ. ಆಗ ನಾನು ಅಂದದ್ದು: “ಬಾಡಿಗೆಗೆ ಇರೋರ ಥರ ಇದ್ದೀರಿ ನೀವು ಈ ಮನೇಲಿ. ಅವರಾದ್ರೂ ತಿಂಗಳಿಗೊಂದ್ಸಲ ನಲ್ಲಿ ಕೆಟ್ಟಿದೆ ಅಂತ ಜಗಳಕ್ಕೆ ಬರ್ತಾರೆ.” ಅದಕ್ಕೂ ಹೂಂ ಅಂದಿರಿ.

ಇಲ್ಲಿಗೆ ಬಂದ ಮೇಲೆ ಮೊದಲನೇ ತಾರೀಖು ಹಣ ಬಂತು. ಜೊತೆಗೆ ಆ ಪದ. ಇನ್ನೂ ಕುರ್ಚಿ ಮೇಜು ಬಂದಿರಲಿಲ್ಲ, ನೆಲದ ಮೇಲೆ ಕೂತು ಓದಿದೆ. ನಾನಾಡಿದ ಮಾತನ್ನು ತಿಂಗಳು ತಿಂಗಳು ನನ್ನ ಮುಖಕ್ಕೇ ಎಸೆಯುತ್ತಾರೆ ಎಂದುಕೊಂಡೆ. ಮೊದಮೊದಲು ಮೂವತ್ತನೇ ತಾರೀಖಿನಿಂದಲೇ ಫೋನನ್ನು ಮಗುಚಿ ಇಡುತ್ತಿದ್ದೆ. ಆಮೇಲಾಮೇಲೆ ಏನೂ ಆಗುತ್ತಿರಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿ ನೋಡಿದ ಹಾಗೆ. ಕಾಲು ನನ್ನದೇ, ಆದರೆ ನನಗೆ ಗೊತ್ತಾಗುವುದಿಲ್ಲ.

ಯಾವುದು ಅನುಕೂಲ ಎಂದು ಕೇಳಿದ್ದೀರಿ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಸದ್ಯಕ್ಕೆ ಕಾಗದ ಬೇಡ. ಆಡಿಟರು ತೆರಿಗೆ ಕಚೇರಿಗೆ ಅರ್ಜಿ ಹಾಕಿದ್ದಾರೆ. ಅಲ್ಲಿಂದ ಯಾರೋ ಮನೆ ನೋಡಲು ಬರುತ್ತಾರೆ. ಅವರು ಒಪ್ಪಿದರೆ ತೆರಿಗೆ ಇಲ್ಲ ಎಂದು ಪತ್ರ ಕೊಡುತ್ತಾರೆ. ಇಲ್ಲವಾದರೆ ಹಲ್ಲಿನ ಡಾಕ್ಟರು ಅಷ್ಟು ಹಣವನ್ನು ಹಿಡಿದುಕೊಂಡು ಕಚೇರಿಗೆ ಕಟ್ಟುತ್ತಾರೆ. ಬಂದವರು ಕೇಳಿದ್ದಕ್ಕೆ ಉತ್ತರ ಕೊಡಿ. ನನಗೆ ತೊಡಕಾಗುವಂಥದ್ದು ಮಾತ್ರ ಏನನ್ನೂ ಹೇಳಬೇಡಿ. ಇಷ್ಟು ವರ್ಷ ಆದದ್ದೇ ಸಾಕು.

ಇವತ್ತು ಒಬ್ಬಾಕೆ ಗಂಡನನ್ನು ಕರೆತಂದಿದ್ದರು. ನಾನು ಹೇಳಿದ್ದು ಯಾವುದೂ ಇವರಿಗೆ ಕೇಳಿಸುವುದಿಲ್ಲ ಎಂದರು. ಆತನನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದೆ. ಸೊಳ್ಳೆ ಹಾರಿದಷ್ಟು ಸಣ್ಣ ಸದ್ದಿಗೂ ಒತ್ತಿದರು. ಕಿವಿ ಚೆನ್ನಾಗಿದೆ ಎಂದು ಹೇಳಿದೆ. ಆಕೆಗೆ ಅದಕ್ಕಿಂತ ಕೆಟ್ಟ ಸುದ್ದಿ ಇರಲಿಲ್ಲ.

ಕುಯ್ಯೋ ಎನ್ನುವುದು ಮೇಲೆ ಹೋಗುವಾಗ. ಇಳಿಯುವಾಗ ಅದೇ ಮೂರನೇ ಮಹಡಿಯ ಬಾಗಿಲ ಬಳಿ ಟಕ್ ಎನ್ನುತ್ತದೆ.

ನಾನು

*

ಫೆಬ್ರುವರಿ 1

ಹಣದೊಂದಿಗಿನ ಒಕ್ಕಣೆ: ಬಾಡಿಗೆ

*

ಫೆಬ್ರುವರಿ 12

ತೆರಿಗೆ ಕಚೇರಿಯಿಂದ ಬಂದಿದ್ದರು. ಮಧ್ಯವಯಸ್ಸಿನ ಹೆಂಗಸು, ಕೈಯಲ್ಲಿ ಒಂದು ಫೈಲು. ಚಪ್ಪಲಿ ಹೊರಗೆ ಬಿಡಲೇ ಎಂದು ಕೇಳಿದರು. ಪರವಾಗಿಲ್ಲ ಬನ್ನಿ ಎಂದೆ. ಕೋಣೆಗಳನ್ನೆಲ್ಲ ನೋಡಿದರು. ಕಪಾಟು ತೆರೆಯಿರಿ ಎಂದರು. ತೆರೆದೆ.

ಏನು ಹೇಳಬೇಕೆಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ಗಂಡ ಎಂದರೆ ನಾಳೆ ಅವನ ಪಾಲೆಷ್ಟು, ಅವನ ಒಪ್ಪಿಗೆ ಎಲ್ಲಿ, ಸಹಿ ಎಲ್ಲಿ ಎಂದು ನಿನಗೆ ಹತ್ತು ಪ್ರಶ್ನೆ ಕೇಳುತ್ತಾರೆ. ನಿನಗೆ ತೊಡಕು ಆಗಬಾರದು.

“ಓನರಮ್ಮ ನಿಮಗೆ ಏನಾಗಬೇಕು?” ಎಂದರು.

“ಏನೂ ಇಲ್ಲ. ಬಾಡಿಗೆಗಿದ್ದೀನಿ” ಎಂದೆ.

ಬರೆದುಕೊಂಡರು. ಹೊರಡುವಾಗ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದ ಹೆಂಗಸರ ಕೊಡೆ ಕಣ್ಣಿಗೆ ಬಿತ್ತು. ನಿನ್ನ ನೇರಳೆ ಕೊಡೆ. ಯಾರದು ಎಂದರು. ಓನರದ್ದು, ಬಿಟ್ಟುಹೋಗಿದ್ದಾರೆ ಎಂದೆ. ಏಳು ವರ್ಷದಿಂದ ಇಲ್ಲೇ ಇದೆಯಾ ಎಂದರು. ಹೂಂ ಎಂದೆ. ಕೊಡೆಯ ಮೇಲೆ ಧೂಳಿರಲಿಲ್ಲ. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಅದರ ಬಗ್ಗೆ ಏನೂ ಬರೆದುಕೊಳ್ಳಲಿಲ್ಲ.

ನಿನಗೆ ತೊಡಕಾಗುವ ಮಾತು ಒಂದೂ ಹೇಳಿಲ್ಲ.

ಕುಯ್ಯೋ ಎನ್ನುವುದಕ್ಕೆ ಎಣ್ಣೆ ಹಾಕಿದರೆ ಸಾಕು. ಟಕ್ ಎನ್ನುವುದು ಹಾಗಲ್ಲ. ಮೂರನೇ ಮಹಡಿಯ ಬಾಗಿಲ ಲಾಕು ಸರಿಯಾಗಿ ಕೂರುತ್ತಿಲ್ಲ. ಆ ಲಿಫ್ಟ್ ಹತ್ತಬೇಡ. ಆಸ್ಪತ್ರೆಯವರಿಗೆ ಹೇಳು. ಬಾಯಲ್ಲಿ ಹೇಳಬೇಡ, ಬರೆದು ಕೊಡು.

*

ಫೆಬ್ರುವರಿ 20

ಕಚೇರಿಯ ಪತ್ರ ಬಂತು. ‘ಮನೆಯಲ್ಲಿರುವ ವ್ಯಕ್ತಿ ಮಾಲೀಕರಿಗೆ ಏನೂ ಆಗಬೇಕಿಲ್ಲ, ಬಾಡಿಗೆದಾರ.’ ಏಳು ವರ್ಷದ ಪಾಲಿಗೆ ತೆರಿಗೆ.

ತೊಡಕಾಗುವಂಥದ್ದು ಹೇಳಬೇಡಿ ಎಂದರೆ, ಹೇಳಬಾರದ್ದನ್ನೇ ಹುಡುಕಿ ಹೇಳಿದಿರಿ. ಹೆಂಡತಿಯ ಮನೆಯಲ್ಲಿ ಗಂಡ ಇದ್ದಾನೆ ಎನ್ನುವುದಕ್ಕೆ ತೆರಿಗೆ ಇಲ್ಲ. ಯಾರೋ ಇದ್ದಾನೆ ಎನ್ನುವುದಕ್ಕೆ ಇದೆ. ಇದನ್ನು ಮೊದಲನೇ ಕಾಗದದಲ್ಲೇ ಬರೆದಿದ್ದೆ. ನೀವು ಓದಿದ್ದು ಯಾವುದನ್ನು?

ನಿಮಗೆ ಹೇಳದೇ ಇದ್ದದ್ದೊಂದಿದೆ. ನಾನಿರುವ ಈ ಮನೆಯನ್ನು ಮಾರುತ್ತಿದ್ದಾರೆ. ಎರಡು ಕೋಣೆ, ಅಡುಗೆಗೆ ಒಂದು ಮೂಲೆ, ಬೆಳಗ್ಗೆ ಕಿಟಕಿಯಲ್ಲಿ ಬಿಸಿಲು. ‘ಮೊದಲು ನಿಮ್ಮನ್ನೇ ಕೇಳುತ್ತೇವೆ’ ಎಂದು ನನಗೆ ಏಪ್ರಿಲ್ ಕೊನೆಯ ತನಕ ಸಮಯ ಕೊಟ್ಟಿದ್ದಾರೆ. ಮುಂಗಡ ಕೊಟ್ಟಿದ್ದೇನೆ. ಆ ಮನೆ ಮಾರಿದ ಹಣ ಇದಕ್ಕೆ ಸರಿಹೋಗುತ್ತಿತ್ತು. ತೆರಿಗೆ ಕಳೆದರೆ ಹೋಗುವುದಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು, ಮನೆ ಮಾರಿ ನೋಡು ಎಂದು ಸೇರಿಸಲು ಯಾಕೆ ಮರೆತರೋ.

ಆಕ್ಷೇಪಣೆಗೆ ಒಂದು ತಿಂಗಳು ಅವಕಾಶ ಇದೆ. ಇವರು ನನ್ನ ಗಂಡ, ಬಂದ ಹಣ ಬಾಡಿಗೆಯಲ್ಲ, ಸಂಸಾರದ ಖರ್ಚಿನ ಪಾಲು ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಹಾಕುವುದಿದ್ದರೆ ಹಾಕಿ. ಬೇಡ ಎಂದರೆ ಅದೂ ಸರಿಯೇ. ನನಗೆ ಸಿಟ್ಟು ಕೂಡ ಬರುತ್ತಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಆ ಕೊಡೆ ಬಸ್ಸಿನಲ್ಲಿ ಕಳೆದುಹೋಯಿತು ಎಂದುಕೊಂಡಿದ್ದೆ.

“ಏನೂ ಇಲ್ಲ” ಅಂದಿರಂತಲ್ಲ. ಅದು ನಿಜವಾ?

*

ಫೆಬ್ರುವರಿ 28

ನಿನಗೆ,

ನಿಜ ಅಲ್ಲ.

ಮೊದಲನೇ ಕಾಗದದಲ್ಲಿ ತೆರಿಗೆಯ ಭಾಗ ಓದಲಿಲ್ಲ. ‘ನಮ್ಮ ಮನೆಯವರು’ ಎಂಬಲ್ಲಿಗೆ ಬಂದು, ‘ಯೋಚಿಸಿ ಹೇಳಿದ್ದಲ್ಲ’ ಎಂಬಲ್ಲಿ ಸಿಕ್ಕಿಕೊಂಡೆ. ಬಾಯಿ ತಪ್ಪಿ ಬಂದದ್ದು ನಿನಗೆ ತೊಂದರೆ ಮಾಡಬಾರದು ಎಂದುಕೊಂಡೆ. ಅಷ್ಟೇ ನನ್ನ ಬುದ್ಧಿ.

ಇಷ್ಟು ಉದ್ದ ಬರೆದು ಅಭ್ಯಾಸ ಇಲ್ಲ. ದೂರಿನ ಪುಸ್ತಕದಲ್ಲಿ ನಾವು ಬರೆಯುವುದು ಒಂದು ಸಾಲು. ‘ಬಾಗಿಲು ಮುಚ್ಚುತ್ತಿಲ್ಲ. ಸರಿಪಡಿಸಿದೆ.’ ಆದರೂ ಬರೆಯುತ್ತೇನೆ.

ಉದ್ದಣ್ಣ ನಿನಗೆ ಗೊತ್ತು. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಿದ್ದ. ಲಿಫ್ಟಿನ ಕೆಲಸಕ್ಕೆ ಯಾವಾಗಲೂ ನಾವಿಬ್ಬರೇ, ಅವನು ಮೇಲೆ, ನಾನು ಕೆಳಗೆ. ಅವನು ಹೇಗೆ ಸತ್ತ ಎಂದು ನಿನಗೆ ಬೇರೆಯವರು ಹೇಳಿದ್ದಾರೆ. ನಾನು ಹೇಳಿಲ್ಲ. ಅವತ್ತು ಕೆಲಸ ಮುಗಿಸಿ ಇಬ್ಬರೂ ಒಂದೇ ಮಹಡಿಯಲ್ಲಿ ನಿಂತಿದ್ದೆವು. ಲಿಫ್ಟ್ ಬಂತು ಎಂದುಕೊಂಡು ಅವನು ಬಾಗಿಲು ಎಳೆದ. ಲಿಫ್ಟ್ ಇಲ್ಲದಿದ್ದರೆ ಬಾಗಿಲು ತೆರೆಯಬಾರದು. ಲಾಕು ಸವೆದಿತ್ತು, ತೆರೆಯಿತು. ಅವನು ನನ್ನ ಕಡೆ ತಿರುಗಿ “ಅಲ್ಲ ಕಣೋ, ನಾಳೆ ನೀನು” ಎನ್ನುತ್ತಾ ಹಿಂದಕ್ಕೆ ಕಾಲಿಟ್ಟ. ಒಳಗೆ ಬರೀ ಬಾವಿ.

ನಾಳೆ ನಾನು ಏನು? ಬೇಗ ಬರಬೇಕಿತ್ತಾ? ಏನಾದರೂ ತರಬೇಕಿತ್ತಾ? ಆಮೇಲೆ ಯಾವ ಮಾತು ಶುರುಮಾಡಲು ಹೋದರೂ ಅದರ ಉಳಿದರ್ಧ ಸಿಗುವುದಿಲ್ಲ ಎಂದು ಭಯವಾಗುತ್ತಿತ್ತು. ಹೂಂ ಎಂಬುದಕ್ಕೆ ಉಳಿದರ್ಧ ಇಲ್ಲ. ಅದಕ್ಕೇ ಹೂಂ. ನಿನ್ನ ಮೇಲಿನ ಬೇಸರಕ್ಕಲ್ಲ.

ಇನ್ನು ಆ ಪದ. ಮೊದಲನೇ ತಿಂಗಳು ಸಿಟ್ಟಿಗೇ ಬರೆದೆ. ಎರಡನೇ ತಿಂಗಳು ಸಿಟ್ಟು ಇರಲಿಲ್ಲ. ಬೇರೆ ಏನು ಬರೆಯಲಿ ಎಂದು ಬಹಳ ಹೊತ್ತು ಕೂತಿದ್ದೆ. ‘ಖರ್ಚಿಗೆ’ ಎಂದರೆ ನೀನೇನು ಖರ್ಚಿಗಿಲ್ಲದೆ ಕೂತಿದ್ದೀಯಾ. ‘ನಿನಗೆ’ ಎಂದರೆ ನೀನು ಬೇಡ ಎಂದು ವಾಪಸು ಕಳಿಸಬಹುದು. ಬಾಡಿಗೆಯನ್ನು ಯಾರೂ ವಾಪಸು ಕಳಿಸುವುದಿಲ್ಲ. ಅದಕ್ಕೆ ಅದನ್ನೇ ಬರೆದೆ. ತಿಂಗಳಿಗೆ ಒಂದು ಮಾತಾದರೂ ನಿನ್ನನ್ನು ಮುಟ್ಟುತ್ತಿತ್ತು. ಅದು ಎಲ್ಲಿ ಮುಟ್ಟುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ.

ಮನೆಯನ್ನು ನಿನ್ನ ಹೆಸರಿಗೇ ಮಾಡಿಸು ಎಂದವನು ನಾನೇ. ನನ್ನ ಕೆಲಸ ಬಾವಿಯ ಬಾಯಲ್ಲಿ ಎಂದು ಆಗ ತಮಾಷೆ ಮಾಡಿದ್ದೆ. ನೀನು ಕೊಳ್ಳಬೇಕು ಎಂದಿರುವ ಆ ಎರಡು ಕೋಣೆಯ ವಿಷಯ ಮೊದಲೇ ಹೇಳಿದ್ದರೆ, ನಾನೂ ನಾಲ್ಕು ಸಲ ಕಾಗದ ಓದುತ್ತಿದ್ದೆ.

ಜೊತೆಗೆ ಒಂದು ಖಾಲಿ ಹಾಳೆ ಇಟ್ಟಿದ್ದೇನೆ. ಕೆಳಗೆ ಸಹಿ ಹಾಕಿದ್ದೇನೆ. ಮೇಲೆ ನಾನು ನಿನಗೆ ಏನಾಗಬೇಕೋ ಅದನ್ನು ನೀನೇ ಬರೆದುಕೋ. ಗಂಡ ಎಂದು ಬರೆದರೂ ನನ್ನ ಒಪ್ಪಿಗೆ ಇದೆ. ಬೇರೆ ಏನು ಬರೆದರೂ ಇದೆ.

ಲಿಫ್ಟಿನ ವಿಷಯ ಬರೆದು ಕೊಟ್ಟೆಯಾ?

*

ಮಾರ್ಚ್ 1

ಹಣದೊಂದಿಗಿನ ಒಕ್ಕಣೆ: —

*

ಮಾರ್ಚ್ 15

ಹಣ ಬಂತು. ಒಕ್ಕಣೆಯ ಜಾಗ ಖಾಲಿ. ಇಷ್ಟು ವರ್ಷ ಆ ಪದವನ್ನು ನೋಡಿ ನೋಡಿ ಸಾಕಾಗಿದ್ದವಳು ಅವತ್ತು ಅದಿಲ್ಲದ್ದಕ್ಕೆ ಬೆಳಗಿನಿಂದ ಸಂಜೆಯವರೆಗೆ ನಾಲ್ಕು ಸಲ ಫೋನು ತೆಗೆದು ನೋಡಿದೆ. ಯಾಕೆ ಎಂದು ಕೇಳಬೇಡಿ.

ನಿಮ್ಮ ಕಾಗದ ಓದಿ ಅಳು ಬರಲಿಲ್ಲ. ಬರುತ್ತದೆ ಎಂದು ಕಾದೆ. ಮಾರನೇ ದಿನ ಗಾಜಿನ ಕೋಣೆಯಲ್ಲಿ ಒಬ್ಬ ತಾತ ಕೂತಿದ್ದರು. ನಾನು ಸದ್ದು ಮಾಡದಿದ್ದರೂ ಗುಂಡಿ ಒತ್ತುತ್ತಿದ್ದರು. ಯಾಕೆ ತಾತ ಎಂದರೆ, “ನೀನು ಅಷ್ಟು ಹೊತ್ತಿಂದ ಕಾಯ್ತಿದ್ದೀಯಲ್ಲಮ್ಮ, ಪಾಪ ಅಂತ ಒತ್ತಿದೆ” ಎಂದರು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಖಾಲಿ ಹಾಳೆ ತೆಗೆದುಕೊಂಡು ಆಡಿಟರ ಹತ್ತಿರ ಹೋದೆ. ಅವರು ಪೆನ್ನು ಕೊಟ್ಟು ಒಕ್ಕಣೆ ಹೇಳಿದರು. ‘ಇವರು ನನ್ನ ಗಂಡನಾಗಿದ್ದು’ ಎಂದು ಶುರು. ಬರೆಯಲು ಕೈ ಬರಲಿಲ್ಲ.

ಸುಳ್ಳು ಎಂದಲ್ಲ. ನಿಜ ಎಂದೇ. ಏಳು ವರ್ಷ ನಾನೂ ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಈಗ ಮೊದಲನೇ ಸಲ ಬರೆಯುವುದು ತೆರಿಗೆ ಉಳಿಸಲಿಕ್ಕೆ ಎಂದಾದರೆ, ಆಮೇಲೆ ಯಾವತ್ತು ಆ ಮಾತು ಆಡಿದರೂ ನಾನು ದುಡ್ಡಿಗೆ ಬರೆದೆ ಎಂದು ನನಗೇ ಅನ್ನಿಸುತ್ತದೆ. ನಿಮಗೂ ಅನ್ನಿಸುತ್ತದೆ. ನೀವು ಹೂಂ ಎನ್ನುತ್ತೀರಿ. ಅದು ಯಾವ ಹೂಂ ಎಂದು ನಾನು ಮತ್ತೆ ಯೋಚಿಸುತ್ತಾ ಕೂರಬೇಕು.

ಬಾಡಿಗೆ ಎಂದೇ ಇರಲಿ ಎಂದೆ. ಆಡಿಟರು ಪೆನ್ನು ವಾಪಸು ತೆಗೆದುಕೊಂಡರು. “ಸುಳ್ಳು ಬರೆಯೋಕೆ ದುಡ್ಡು ಕೊಡೋರನ್ನ ನೋಡಿದ್ದೀನಿ. ನಿಜ ಬರೆಯದೆ ಇರೋಕೆ ದುಡ್ಡು ಕೊಡ್ತಿರೋರು ನೀವೊಬ್ಬರೇ” ಅಂದರು. ತಮ್ಮ ಫೀಸನ್ನು ಮಾತ್ರ ಪೂರ್ತಿ ತೆಗೆದುಕೊಂಡರು.

ಈ ಮನೆಯ ಓನರಿಗೆ ಕೊಳ್ಳಲು ಆಗುವುದಿಲ್ಲ ಎಂದು ಹೇಳಿದ್ದೇನೆ. ಮುಂಗಡ ವಾಪಸು ಬಂತು. ಕೊಳ್ಳುವವರು ತಾವೇ ಬಂದು ಇರುತ್ತಾರಂತೆ, ಮೇ ತಿಂಗಳಿಗೆ ಖಾಲಿ ಮಾಡಬೇಕು. ಬೆಳಗಿನ ಬಿಸಿಲು ಇನ್ನು ಅವರಿಗೆ. ನನಗೆ ಅದರ ಬಗ್ಗೆ ದುಃಖವಿದೆ. ದುಃಖ ಎಂದು ಗೊತ್ತಾಗುವಷ್ಟು ಇದೆ.

ಲಿಫ್ಟಿನ ವಿಷಯ ಬರೆದು ಕೊಟ್ಟೆ. ಕಂಪನಿಯವನು ಬಂದು ಮೂರನೇ ಮಹಡಿಯ ಲಾಕು ಬಿಚ್ಚಿ ನೋಡಿ ಲಿಫ್ಟನ್ನೇ ನಿಲ್ಲಿಸಿದ. ಲಾಕಿನ ನಾಲಿಗೆ ಪೂರ್ತಿ ಸವೆದಿದೆ, ಕೈಯಲ್ಲಿ ಎಳೆದರೆ ಬಾಗಿಲು ತೆರೆಯುತ್ತಿತ್ತು ಎಂದ. ಸದ್ದು ಕೇಳಿಯೇ ಹೇಳಿದ್ದು ಯಾರಮ್ಮ ಎಂದು ಕೇಳಿದ. ನಮ್ಮ ಮನೆಯವರು ಎಂದೆ. ಎರಡನೇ ಸಲ ಬಾಯಿ ತಪ್ಪಿತು.

ಖಾಲಿ ಹಾಳೆ ನನ್ನ ಹತ್ತಿರವೇ ಇದೆ.

*

ಏಪ್ರಿಲ್ 6

ನಿನಗೆ,

ನೀನು ಅವತ್ತು ಸಹಿ ಹಾಕಿ ಹೊರಟ ಮೇಲೆ ಹಲ್ಲಿನ ಡಾಕ್ಟರಿಗೆ ಬೀಗದ ಕೈ ಕೊಟ್ಟೆ. ನೋಂದಣಿ ಕಚೇರಿಯಲ್ಲಿ ಬೆಂಚಿನ ಮೇಲೆ ಅಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದೆವು. ನಿನ್ನ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ, ನೀನು ಹೇಳಿದೆ. ನಾನು ಇನ್ನೊಂದು ಮಾತು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹೆಸರು ಕರೆದರು. ನಿನ್ನ ಕೂದಲು ಪಕ್ಕದಲ್ಲಿ ಬೆಳ್ಳಗಾಗಿದೆ. ಚೆನ್ನಾಗಿದೆ.

ಹೊರಡುವ ಹಿಂದಿನ ದಿನ ಸ್ವಿಚ್ ಬೋರ್ಡ್ ಬಿಚ್ಚಿದೆ. ಕೊನೆಯ ಸ್ವಿಚ್ಚಿನ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಗೋಡೆಗುಂಟ ಹಿಡಿದು ಹೋದೆ. ಹಿಂದಿನ ಬಾಗಿಲ ಹೊರಗೆ, ನೀನು ಬಟ್ಟೆ ಒಣಹಾಕುತ್ತಿದ್ದಲ್ಲಿ, ದೀಪದ ಜಾಗ. ಮನೆ ಕಟ್ಟಿದವರು ಅದರ ಮೇಲೆಯೇ ಸುಣ್ಣ ಬಳಿದುಬಿಟ್ಟಿದ್ದರು. ನೀನು ಕತ್ತಲಲ್ಲಿ ಬಟ್ಟೆ ಎತ್ತಿಕೊಂಡು ಬಂದು ಆ ಸ್ವಿಚ್ಚಿಗೆ ಬೈಯುತ್ತಿದ್ದೆ. ಕೆರೆದು ಬಲ್ಬು ಹಾಕಿದೆ, ಹತ್ತಿತು. ಹದಿನಾರು ವರ್ಷ ಅದು ಅಲ್ಲೇ ಇತ್ತು. ಮೆಕ್ಯಾನಿಕ್ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು.

ರೂಮು ಪರವಾಗಿಲ್ಲ. ಒಂದು ಮಂಚ, ಒಂದು ಮೊಳೆ. ಮೊಳೆಗೆ ಕೊಡೆ ಹಾಕಿದ್ದೇನೆ. ಮನೆಯ ಓನರ್ ಈಗ ಡಾಕ್ಟರು, ಕೊಡೆಯ ಓನರ್ ಅಲ್ಲ. ಅದಕ್ಕೆ ತಂದೆ.

ರೂಮಿನವರು ಒಂದು ಫಾರಂ ಕೊಟ್ಟಿದ್ದಾರೆ. ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಅವರು ನಿಮಗೆ ಏನಾಗಬೇಕು ಎಂದು ಕೇಳಿದ್ದಾರೆ. ಮೊದಲನೇ ಸಾಲಿನಲ್ಲಿ ನಿನ್ನ ನಂಬರು ಬರೆದೆ. ಎರಡನೇ ಸಾಲು ಹಾಗೇ ಬಿಟ್ಟಿದ್ದೇನೆ. ತಿಂಗಳ ಕೊನೆಯೊಳಗೆ ತುಂಬಿ ಕೊಡಬೇಕಂತೆ.

*

ಏಪ್ರಿಲ್ 19

ಮನೆಯವರಿಗೆ,

ಇಲ್ಲೇ ಎರಡು ಬೀದಿ ಆಚೆ ಒಂದು ಮನೆ ನೋಡಿದೆ. ಬಾಡಿಗೆಗೆ. ನೆಲಮಹಡಿ, ಲಿಫ್ಟ್ ಇಲ್ಲ. ಎರಡು ಕೋಣೆ, ಎರಡಕ್ಕೂ ಬೇರೆ ಬೇರೆ ಬಾಗಿಲು. ಬಿಸಿಲು ಬರುವುದು ಮಧ್ಯಾಹ್ನದ ಮೇಲೆ. ಅಡುಗೆಮನೆಯ ನಲ್ಲಿ ಈಗಲೇ ಸೋರುತ್ತಿದೆ.

ಓನರು ಒಬ್ಬ ಅಜ್ಜಿ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಎಷ್ಟು ಜನ ಇರುತ್ತೀರಿ ಎಂದರು. ಇಬ್ಬರು ಎಂದೆ. ಇಬ್ಬರ ಸಹಿಯೂ ಬೇಕು ಎಂದರು. ನನ್ನ ಚೀಲದಲ್ಲಿ ನಿಮ್ಮ ಸಹಿ ಇದ್ದ ಹಾಳೆ ಇತ್ತು. ಅದನ್ನು ತೆಗೆದು ಅಲ್ಲೇ ಅವರ ಮೇಜಿನ ಮೇಲಿಟ್ಟು ಬರೆದೆ. ನಾವಿಬ್ಬರೂ ಈ ಮನೆಯನ್ನು ಬಾಡಿಗೆಗೆ ಕೇಳುತ್ತಿದ್ದೇವೆ ಎಂದು. ನಿಮ್ಮ ಸಹಿಯ ಪಕ್ಕ ನನ್ನದೂ ಹಾಕಿದೆ. ಜಾಗ ಸಾಲದೆ ಸ್ವಲ್ಪ ಮೇಲೆ ಹತ್ತಿದೆ.

ಅಜ್ಜಿ ಓದಿ, ನಿಮ್ಮ ಸಹಿಯ ಮೇಲೆ ಬೆರಳಿಟ್ಟು, ಅವರು ನಿನಗೆ ಏನಾಗಬೇಕು ಎಂದು ಕೇಳಿದರು. ಹೇಳಿದೆ. ಈ ಸಲ ಬಾಯಿ ತಪ್ಪಿ ಅಲ್ಲ. ಇದರಿಂದ ಯಾವ ತೆರಿಗೆಯೂ ಉಳಿಯುವುದಿಲ್ಲ, ಯಾವ ಕಚೇರಿಯೂ ಇದನ್ನು ಕೇಳುವುದಿಲ್ಲ.

ನೀವು ಬಂದೇ ಬರಬೇಕು ಎಂದಿಲ್ಲ. ಒಬ್ಬಳೇ ಇರುತ್ತೇನೆ ಎಂದು ಅಜ್ಜಿಗೆ ಆಮೇಲೆ ಹೇಳಬಹುದು. ಬಂದರೆ, ಮಾತಾಡಲೇಬೇಕು ಎಂದೂ ಇಲ್ಲ. ಆಸ್ಪತ್ರೆಯ ಲಿಫ್ಟ್ ಇನ್ನೂ ನಿಂತೇ ಇದೆ, ಕಂಪನಿಯವನಿಗೆ ಜೊತೆಗೊಬ್ಬರು ಬೇಕಂತೆ. ನಿಮ್ಮ ಫಾರಮ್ಮಿನ ಎರಡನೇ ಸಾಲಿನಲ್ಲಿ ಏನು ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ.

ಈ ಸಲ ಇಬ್ಬರೂ ಬಾಡಿಗೆಯವರೇ. ಜಗಳಕ್ಕೆ ಹೋಗುವುದಿದ್ದರೆ ಅಜ್ಜಿಯ ಹತ್ತಿರ ಜೊತೆಯಾಗಿಯೇ ಹೋಗಬಹುದು.

ನಾನು

*

ಮೇ 1

ಹಣದೊಂದಿಗಿನ ಒಕ್ಕಣೆ: ಅರ್ಧ ಬಾಡಿಗೆ. ನಲ್ಲಿ ಇನ್ನೂ ಸೋರ್ತಿದೆಯಾ?